ಹಳೇ ಟ್ರೇಲರ್ ಲಾರಿಯ ಲೈಟ್ ಆಟ ಆಡಿಸುತ್ತಿದ್ದರೆ ಮೊದಲು ಅರ್ತ್ ನೋಡಿ

ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತಾ? ಟೈಲ್ ಲೈಟ್ ಒಮ್ಮೆ ಮಂಕು, ಒಮ್ಮೆ ಸರಿನಾ? ಬಲ್ಬು, ಫ್ಯೂಸು ಬದಲಿಸುತ್ತಾ ಕೂರಬೇಡಿ. ಬಹುಪಾಲು ಇದು ಅರ್ತ್ ಕಾಯಿಲೆ, ಅಂದರೆ ಕರೆಂಟು ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗುವ ದಾರಿ ಕೆಟ್ಟಿದೆ. ನೇರ ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನೊಳಗೆ ನುಗ್ಗಿ ವಾಪಸ್ ಹೋಗುತ್ತದೆ.

ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಕಪ್ಪು ವೈರಿನ ತುದಿ ಬ್ಯಾಟರಿಯ ಮೈನಸ್ ಟರ್ಮಿನಲ್ ಮೇಲೇ ಇರಲಿ, ಕ್ಲ್ಯಾಂಪ್ ಮೇಲಲ್ಲ. ಕೆಂಪನ್ನು ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಜಾಗಕ್ಕೆ ಒತ್ತಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಇನ್ನೊಬ್ಬರು ಸೆಲ್ಫ್ ಹೊಡೆಯಲಿ. 12 ವೋಲ್ಟ್ ಗಾಡಿಯಲ್ಲಿ 0.5 ವೋಲ್ಟ್ ದಾಟಿದರೆ ಅರ್ತ್ ಕೇಬಲ್ಲೋ ಅದರ ಜಾಯಿಂಟೋ ಕೆಟ್ಟಿದೆ. ಓಮ್ ಟೆಸ್ಟ್ (ಮೀಟರಿನಲ್ಲಿ ಕೇಬಲ್ಲಿನ ರೆಸಿಸ್ಟೆನ್ಸ್ ಅಳೆಯುವುದು) ಇಲ್ಲಿ ನಂಬುವಂಥದ್ದಲ್ಲ. ನಾಲ್ಕು ಎಳೆ ಉಳಿದ ಕೇಬಲ್ಲೂ ಪಾಸಾಗಿ, ಲೋಡ್ ಬಿದ್ದಾಗ ಕೈಕೊಡುತ್ತದೆ.

ಕೇಬಲ್ ತುದಿಯನ್ನು ಬಗ್ಗಿಸಿ ನೋಡಿ. ಇನ್ಸುಲೇಷನ್ ಉಬ್ಬಿದ್ದರೆ ಒಳಗೆ ಹಸಿರು ಪುಡಿ (ತಾಮ್ರದ ಕಿಲುಬು) ಗ್ಯಾರಂಟಿ ಅಂದುಕೊಳ್ಳಿ. ಟ್ರೇಲರ್ ಪ್ಲಗ್ಗಿನ ಪಿನ್ನುಗಳದ್ದೂ ಇದೇ ಕಥೆ. ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ಕಳಚಿ, ಜಾಯಿಂಟನ್ನು ಲೋಹ ಹೊಳೆಯುವಷ್ಟು ಉಜ್ಜಿ, ಬಿಗಿಮಾಡಿ.

ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಮಾತ್ರ ವಿಷಯ ಬೇರೆ: ವೈರು ಚಾಸಿಗೆ ಉಜ್ಜುವ ಜಾಗ ಹುಡುಕಿ. ದೊಡ್ಡ ಆಂಪಿಯರ್ ಫ್ಯೂಸ್ ಹಾಕಿದರೆ ಮುಂದಿನ ಸಲ ಸುಡುವುದು ವೈರಿಂಗೇ.