ಪಬ್ಬಿನ ಅರ್ಧ ಕೆಲಸ ನೆಲದಡಿಯಲ್ಲಿ

ಬೆಂಗಳೂರಿನಿಂದ ಬಂದವರು ಇಂಗ್ಲೆಂಡಿನ ಹಳೇ ಪಬ್ಬಿನಲ್ಲಿ ಮೊದಲ ಗುಟುಕು ಹೀರಿ ಸಾಮಾನ್ಯವಾಗಿ ಹೇಳುವುದು ಎರಡು ಮಾತು: ಬಿಯರ್ ಬೆಚ್ಚಗಿದೆ, ಗ್ಯಾಸ್ ಇಲ್ಲ. ಎರಡೂ ಅರ್ಧ ನಿಜ. 4 ಡಿಗ್ರಿಯ ಲಾಗರ್‌ಗೆ ಒಗ್ಗಿದ ನಾಲಿಗೆಗೆ 12 ಡಿಗ್ರಿ ಬೆಚ್ಚಗೇ ಅನಿಸುತ್ತದೆ. ಗ್ಯಾಸೂ ಇದೆ, ಆದರೆ ಸಿಲಿಂಡರಿನಿಂದ ತುಂಬಿದ್ದಲ್ಲ, ಪೀಪಾಯಿಯೊಳಗಿನ ಯೀಸ್ಟ್ ಬಿಟ್ಟ ಉಸಿರು. ನಾನು ಪಬ್ಬಿನ ಸೆಲ್ಲರ್, ಅಂದರೆ ಬಿಯರ್ ಇಡುವ ನೆಲಮಾಳಿಗೆ, ನೋಡಿಕೊಳ್ಳುವವನು. ಹಾಗಾಗಿ ಯಾವ ದೇಶದ ಕುಡಿಯುವ ಜಾಗಕ್ಕೆ ಹೋದರೂ ನನ್ನ ಕಣ್ಣು ಮರದ ಗೋಡೆ, ಡಾರ್ಟ್ ಬೋರ್ಡು, ಕೆಂಪು ಟೆಲಿಫೋನ್ ಪೆಟ್ಟಿಗೆಯ ಮೇಲೆ ನಿಲ್ಲುವುದಿಲ್ಲ. ಬಿಯರ್ ಎಲ್ಲಿ ಮಲಗಿದೆ, ಅದಕ್ಕೆ ಯಾರು ಕಾವಲು ಅನ್ನುವುದೇ ನನಗೆ ಮುಖ್ಯ. ಪರದೇಶಗಳಲ್ಲಿ 'ಬ್ರಿಟಿಷ್ ಪಬ್' ಎಂದು ಬೋರ್ಡು ಹಾಕಿಕೊಂಡ ಬಹುತೇಕ ಕಡೆ ಮೇಲಿನ ಅರ್ಧವನ್ನು ಮಾತ್ರ ತಂದಿರುತ್ತಾರೆ, ನೆಲದಡಿಯ ಅರ್ಧ ಇಂಗ್ಲೆಂಡಿನಲ್ಲೇ ಉಳಿದಿರುತ್ತದೆ.

ಈ ಪೀಪಾಯಿ ಬಿಯರಿಗೆ ಕಾಸ್ಕ್ ಏಲ್ ಎಂದು ಹೆಸರು. ಅದೇನು ಅಂತ ನಮ್ಮವರಿಗೆ ವಿವರಿಸುವುದು ಸುಲಭ. ರುಬ್ಬಿಟ್ಟ ದೋಸೆ ಹಿಟ್ಟು ಪಾತ್ರೆಯಲ್ಲೇ ಹುದುಗು ಬಂದು, ಎರಡನೇ ದಿನ ಹದಕ್ಕೆ ಬಂದು, ಮೂರನೇ ದಿನ ಹುಳಿಗೆ ತಿರುಗುತ್ತದಲ್ಲ, ಇದೂ ಹಾಗೆಯೇ. ಬ್ರೂವರಿಯಿಂದ ಬರುವಾಗ ಬಿಯರ್ ಇನ್ನೂ ಜೀವಂತ. ಸೋಸಿಲ್ಲ, ಪಾಶ್ಚರೀಕರಿಸಿಲ್ಲ, ಕೊನೆಯ ಹುದುಗು ಪಬ್ಬಿನ ಸೆಲ್ಲರಿನಲ್ಲೇ ಆಗಬೇಕು. ಕೆಗ್ ಬಿಯರ್ ಹಾಗಲ್ಲ, ಬ್ರೂವರಿಯಲ್ಲೇ ಮುಗಿದ ಸರಕು. ನಲ್ಲಿ ಜೋಡಿಸಿ ಗ್ಯಾಸ್ ಕೊಟ್ಟರೆ ಹರಿಯುತ್ತದೆ.

ಸಾಮಾನ್ಯ ಪೀಪಾಯಿಗೆ ಫರ್ಕಿನ್ ಎಂದು ಹೆಸರು: 9 ಗ್ಯಾಲನ್, ಅಂದರೆ 72 ಪಿಂಟ್, ಸುಮಾರು 41 ಲೀಟರ್. ತುಂಬಿದ ಫರ್ಕಿನ್ 50 ಕೆ.ಜಿ. ದಾಟುತ್ತದೆ. ಒಬ್ಬರೇ ಎತ್ತಬೇಡಿ, ಉರುಳಿಸಿ. ಅದನ್ನು ಸ್ಟಿಲೇಜ್ ಎಂಬ ಕಟ್ಟೆಯ ಮೇಲೆ ಅಡ್ಡ ಮಲಗಿಸಿ, ಹೊಟ್ಟೆಯ ಬಿರಡೆ ನೆಟ್ಟಗೆ ಮೇಲಕ್ಕೆ, ನಲ್ಲಿ ಬಡಿಯುವ ಬಿರಡೆ ಮುಂದುಗಡೆ ಕೆಳಕ್ಕೆ ಬರುವಂತೆ ಕೂರಿಸಿ, ಮರದ ಬೆಣೆ ಕೊಟ್ಟು ಅಲುಗದಂತೆ ಬಿಗಿ ಮಾಡುತ್ತೇನೆ. ಆಮೇಲೆ ಪೀಪಾಯಿ ಜಾಗ ಕದಲಬಾರದು. ಒಳಗೆ ಫೈನಿಂಗ್ಸ್ ಹಾಕಿರುತ್ತಾರೆ. ಅದು ಮೀನಿನ ಗಾಳಿಚೀಲದಿಂದ ತೆಗೆದ ಅಂಟು, ಯೀಸ್ಟನ್ನು ಹಿಡಿದು ಗಸಿಯಾಗಿ ತಳಕ್ಕೆ ಎಳೆಯುತ್ತದೆ. ಪೀಪಾಯಿ ಕದಲಿದಾಗಲೆಲ್ಲ ಗಸಿ ಎದ್ದು ಮತ್ತೆ ಕೂರಬೇಕು, ಪ್ರತಿ ಸಲ ಅಂಟಿನ ಶಕ್ತಿ ಕುಗ್ಗುತ್ತದೆ. 20 ಡಿಗ್ರಿ ಮೀರಿದ ಬಿಸಿಯಲ್ಲಿ ಬಿಟ್ಟರೆ ಅಂಟೇ ಕೆಟ್ಟುಹೋಗಿ ಬಿಯರ್ ಕೊನೆಗೂ ತಿಳಿಯಾಗುವುದಿಲ್ಲ. (ಸಸ್ಯಾಹಾರಿಗಳು ಕೌಂಟರಿನಲ್ಲಿ ಕೇಳಿಯೇ ಕುಡಿಯುವುದು ಒಳ್ಳೆಯದು. ಫೈನಿಂಗ್ಸ್ ಹಾಕದ, ಸ್ವಲ್ಪ ಮಬ್ಬಾದ ಏಲ್‌ಗಳೂ ಈಗ ಸಿಗುತ್ತವೆ.)

ಸೆಲ್ಲರಿನ ಬಿಸಿ 11ರಿಂದ 13 ಡಿಗ್ರಿಯೊಳಗೆ ಇರಬೇಕು. ಒಂದು ದಿನ ಮಲಗಿಸಿದ ಮೇಲೆ ಸ್ಪೈಲ್ ಹೊಡೆಯುವುದು, ಅಂದರೆ ಗ್ಯಾಸ್ ಬಿಡಲು ಮೊಳೆ ಬಡಿಯುವುದು, ಮತ್ತು ಇಡೀ ಕೆಲಸದ ಕೈಚಳಕ ಇರುವುದು ಇಲ್ಲೇ. ಹೊಟ್ಟೆಯ ಬಿರಡೆಗೆ ಶೈವ್ ಅನ್ನುತ್ತಾರೆ. ಅದರ ನಡುವೆ ತೆಳ್ಳಗೆ ಬಿಟ್ಟ ಒಂದು ಕುಳಿ ಇದೆ. ಕುಳಿಯನ್ನು ಸ್ಯಾನಿಟೈಸರ್‌ನಿಂದ ಒರೆಸಿ, ಬೆರಳುದ್ದದ ಬಿದಿರಿನ ಮೊಳೆ ಇಟ್ಟು, ಮುಖ ಹಿಂದಕ್ಕೆ ಮಾಡಿ ಕೊಡತಿಯಿಂದ ಒಂದೇ ಏಟು. ಚುರುಕಿನ ಬಿಯರ್ ಆದರೆ ಸೀಟಿ ಹೊಡೆದು ಛಾವಣಿಗೆ ಚಿಮ್ಮುತ್ತದೆ. ಅಂಥದ್ದಕ್ಕೆ ಮೇಲೆ ಒದ್ದೆ ಬಟ್ಟೆ ಹಿಡಿದುಕೊಂಡೇ ಹೊಡೆಯಬೇಕು. ಬಿದಿರು ಸರಂಧ್ರ, ಗ್ಯಾಸ್ ಅದರ ಎಳೆಗಳ ಮೂಲಕ ನಿಧಾನಕ್ಕೆ ಹೊರಬರುತ್ತದೆ, ಮೊಳೆಯ ತಲೆಯಲ್ಲಿ ನೊರೆ ಗುಳ್ಳೆ ಕಟ್ಟುತ್ತದೆ. ನೊರೆಯ ಯೀಸ್ಟ್ ಒಣಗಿ ಬಿದಿರು ಕಟ್ಟಿಕೊಂಡರೆ ಬೇರೆ ಮೊಳೆ. ಎರಡು ಮೂರು ಗಂಟೆಗೊಮ್ಮೆ ಹೋಗಿ ನೊರೆ ಒರೆಸಿ ನೋಡುತ್ತೇನೆ. ತಕ್ಷಣ ಮತ್ತೆ ಗುಳ್ಳೆ ಎದ್ದರೆ ಇನ್ನೂ ಹೊತ್ತಿದೆ. ಒರೆಸಿ ನಾಲ್ಕೈದು ಸೆಕೆಂಡ್ ಆದರೂ ಏನೂ ಏಳದಿದ್ದರೆ ಬಿದಿರು ಕಿತ್ತು ಗಟ್ಟಿ ಮರದ ಮೊಳೆ ಜಡಿಯುವ ಸಮಯ. ಅದು ಗಾಳಿಯಾಡದ ಮೊಳೆ, ಉಳಿದ ಗ್ಯಾಸನ್ನು ಒಳಗೇ ಕಟ್ಟಿಹಾಕುತ್ತದೆ. ಕೆಲವು ಏಲ್ ನಾಲ್ಕು ಗಂಟೆಯೊಳಗೆ ಶಾಂತವಾಗುತ್ತವೆ, ಕೆಲವು ಒಂದೂವರೆ ದಿನ ತೆಗೆದುಕೊಳ್ಳುತ್ತವೆ. ಗಡಿಯಾರ ನೋಡಿ ಮಾಡುವ ಕೆಲಸವಲ್ಲ. ಬೇಗ ಮುಚ್ಚಿದರೆ ಗ್ಲಾಸಿಗೆ ನೊರೆಯೇ ಬರುತ್ತದೆ. ಮರೆತು ಬಿದಿರಲ್ಲೇ ಬಿಟ್ಟರೆ ಮಾತ್ರ ನಿಜವಾಗಿ ಸಪ್ಪೆ, ಆಗ ಬೆಂಗಳೂರಿಗರ ದೂರು ಪೂರ್ತಿ ಸರಿ.

ನಲ್ಲಿ ಬಡಿಯುವುದು ಮಾರುವ ಹಿಂದಿನ ದಿನ. ನಲ್ಲಿ ಮುಚ್ಚಿದೆಯೇ ಎಂದು ಎರಡು ಸಲ ನೋಡಿ. ಈ ಮಾತು ಹಾಸ್ಯಕ್ಕೆ ಹೇಳಿದ್ದಲ್ಲ. ಬಡಿಯುವಾಗಲೂ ಅಳುಕದೆ ಒಂದೇ ಜೋರು ಏಟು. ಅರ್ಧ ಏಟಿಗೆ ಬಿರಡೆ ಸೀಳಿ ಸೆಲ್ಲರ್ ತುಂಬ ಬಿಯರ್ ಹರಿಯುತ್ತದೆ.

ಪಬ್ ತೆರೆದಾಗ ಗಟ್ಟಿ ಮೊಳೆ ತೆಗೆಯಬೇಕು, ಮುಚ್ಚುವಾಗ ಹಾಕಬೇಕು. ಹೊಸಬರು ಮರೆಯುವುದು ಇದನ್ನೇ. ಮೊಳೆ ತೆಗೆಯದಿದ್ದರೆ, ಮೇಲೆ ಕೌಂಟರಿನಲ್ಲಿ ಬಿಯರ್ ಎತ್ತುವ ಹ್ಯಾಂಡ್‌ಪಂಪ್ ಎಳೆದಷ್ಟೂ ಕೆಳಗೆ ಬಿಯರ್ ಖಾಲಿಯಾಗುತ್ತದೆ, ಆ ಜಾಗಕ್ಕೆ ಗಾಳಿ ಬರಲು ದಾರಿಯಿಲ್ಲ. ಪಂಪ್ ಭಾರವಾಗುತ್ತದೆ, ಇನ್ನೂ ಜೋರಾಗಿ ಎಳೆದರೆ ತಳದ ಗಸಿ ಸಮೇತ ಬರುತ್ತದೆ. ಪಂಪ್ ಬಿಗಿ ಅನಿಸಿದ ಕೂಡಲೇ ಕೈ ಬಿಟ್ಟು ಕೆಳಗೆ ಓಡಿ. ಇನ್ನು ಪೀಪಾಯಿಯ ಹಿಂಭಾಗವನ್ನು ಎತ್ತಿ ಓರೆ ಮಾಡುವುದು ಅದು ಅರ್ಧಕ್ಕೆ ಇಳಿಯುವ ಮುಂಚೆ, ಬಹಳ ಮೆಲ್ಲಗೆ, ಜನ ಇಲ್ಲದ ಹೊತ್ತಿನಲ್ಲಿ. ಕೊನೆಯ ಹತ್ತು ಪಿಂಟಿಗೆ ಓರೆ ಮಾಡಿದರೆ ಗಸಿಯನ್ನೇ ಬಡಿಸಿದಂತೆ.

ಖಾಲಿಯಾದ ಜಾಗಕ್ಕೆ ಹೋಗುವುದು ಸೆಲ್ಲರಿನ ಗಾಳಿ. ಆಮ್ಲಜನಕ ಸೋಕಿದ ಮೇಲೆ ಮೂರು ದಿನದ ಆಯಸ್ಸು, ಆಮೇಲೆ ವಿನೆಗರ್ ವಾಸನೆ. ಹಾಗಾಗಿ ಲೆಕ್ಕ ಸರಳ: ತಳದ ಗಸಿ, ಪೈಪಿನ ನಷ್ಟ ಕಳೆದು 68 ಪಿಂಟ್ ಕೈಗೆ ಸಿಕ್ಕರೆ, ದಿನಕ್ಕೆ 23 ಪಿಂಟ್ ಹೋಗದ ಏಲ್‌ಗೆ ಹ್ಯಾಂಡ್‌ಪಂಪ್ ಕೊಡಬಾರದು. ಸಾಲಾಗಿ ಎಂಟು ಪಂಪ್ ನಿಲ್ಲಿಸಿ ಮಂಗಳವಾರ ಇಪ್ಪತ್ತು ಜನ ಬರುವ ಪಬ್ಬಿಗೆ ಹೋದರೆ ನಾನು ಬಾಟಲಿ ಕೇಳುತ್ತೇನೆ. ಗಾಳಿಯ ಬದಲು ಒತ್ತಡವಿಲ್ಲದೆ ಇಂಗಾಲದ ಡೈಆಕ್ಸೈಡ್ ಬಿಡುವ ಬ್ರೀದರ್ ಎಂಬ ಸಾಧನವಿದೆ. 1971ರಲ್ಲಿ ಹುಟ್ಟಿದ ಏಲ್ ಚಳವಳಿ ಕ್ಯಾಮ್ರಾ ಅದನ್ನು ದಶಕಗಳ ಕಾಲ ವಿರೋಧಿಸಿ 2018ರಲ್ಲಿ ಪಟ್ಟು ಸಡಿಲಿಸಿತು. ವ್ಯಾಪಾರ ಕಡಿಮೆ ಇರುವ ಪಬ್ಬಿಗೆ ಅದು ಒಳ್ಳೆಯದೇ. ಹಳಸಿದ ಶುದ್ಧತೆಗಿಂತ ಕುಡಿಯುವಂಥ ಬಿಯರ್ ಮೇಲು.

ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಜರ್ಮನಿಯ ಕಲೋನ್‌ಗೆ ಹೋಗಿ. ಅಲ್ಲಿನ ಬ್ರೂವರಿ ಮನೆಗಳಲ್ಲಿ ಕೌಂಟರಿನ ಮೇಲೆ ಪೀಪಾಯಿ ಇಟ್ಟು, ಪಂಪಿಲ್ಲದೆ, ಬರೀ ಭಾರಕ್ಕೆ ಇಳಿಸಿಕೊಳ್ಳುತ್ತಾರೆ. ನೋಡಲು ನಮ್ಮದೇ ಪದ್ಧತಿ, ತರ್ಕ ಮಾತ್ರ ಬೇರೆ. ಕೋಲ್ಷ್ ಎಂಬ ಅಲ್ಲಿನ ಬಿಯರ್ ಬ್ರೂವರಿಯಲ್ಲೇ ತಣ್ಣಗೆ ಮಲಗಿ, ಸೋಸಿ ತಿಳಿಯಾಗಿ ಬಂದಿರುತ್ತದೆ. ಸ್ಪೈಲ್ ಇಲ್ಲ, ಕಾಯುವುದಿಲ್ಲ, ಬೇಗ ಖಾಲಿ ಮಾಡುವುದೇ ಸೆಲ್ಲರ್ ಕೆಲಸ. ಗ್ಲಾಸ್ ಬರೀ 0.2 ಲೀಟರ್, ಕೊಳವೆಯಂಥದ್ದು. ದೊಡ್ಡ ಗ್ಲಾಸಿನಲ್ಲಿ ಕೋಲ್ಷ್ ಬೇಗ ಸತ್ತುಹೋಗುತ್ತದೆ ಎಂಬ ಕಾರಣಕ್ಕೆ ಅಷ್ಟು ಸಣ್ಣದು. ಕೋಬೆಸ್ ಎಂದು ಕರೆಯುವ ನೀಲಿ ಏಪ್ರನ್ನಿನ ಮಾಣಿ ಕೇಳದೆಯೇ ಖಾಲಿ ಗ್ಲಾಸ್ ಎತ್ತಿ ತುಂಬಿದ್ದು ಇಟ್ಟು, ಬಿಯರ್ ಮ್ಯಾಟಿನ ಮೇಲೆ ಪೆನ್ಸಿಲ್ ಗೀಟು ಹಾಕಿ ಹೋಗುತ್ತಾನೆ. ಸಾಕಾದರೆ ಮ್ಯಾಟನ್ನು ಗ್ಲಾಸಿನ ಮೇಲೆ ಮುಚ್ಚಿ. ಬಾಳೆಯೆಲೆ ಮಡಿಸಿದ ಹಾಗೆ. ಕೈಸನ್ನೆ, ತಲೆಯಲ್ಲಾಡಿಸುವುದು ಯಾವುದೂ ನಡೆಯುವುದಿಲ್ಲ.

ಪ್ರಾಗ್‌ನಲ್ಲಿ ಕೌಶಲ ಸೆಲ್ಲರಿನಿಂದ ನಲ್ಲಿಗೆ ಹತ್ತಿ ಕೂತಿದೆ. ಟ್ಯಾಂಕ್ ಪಬ್ಬುಗಳಲ್ಲಿ ಪಾಶ್ಚರೀಕರಿಸದ ಪಿಲ್ಸ್ನರ್ ಉರ್ಕ್ವೆಲ್ ಬಿಯರ್ ದೊಡ್ಡ ಟ್ಯಾಂಕಿನೊಳಗಿನ ಪ್ಲಾಸ್ಟಿಕ್ ಚೀಲದಲ್ಲಿರುತ್ತದೆ. ಗಾಳಿ ಚೀಲವನ್ನು ಹೊರಗಿನಿಂದ ಒತ್ತುತ್ತದೆ, ಬಿಯರ್ ಮುಟ್ಟುವುದೇ ಇಲ್ಲ. ಇಂಗ್ಲಿಷ್ ಪಬ್ಬಿನ ಮೂರು ದಿನದ ತಾಪತ್ರಯಕ್ಕೆ ನನಗೆ ಗೊತ್ತಿರುವ ಅತಿ ಜಾಣ ಉತ್ತರ ಇದು. ಅಲ್ಲಿ ತಣ್ಣೀರಲ್ಲಿ ತೊಳೆದ ಒದ್ದೆ ಮಗ್ಗಿಗೆ ಮೊದಲು ನೊರೆ, ನಂತರ ನಲ್ಲಿಯ ಮೂತಿಯನ್ನು ನೊರೆಯೊಳಗೆ ಮುಳುಗಿಸಿ ಅಡಿಯಿಂದ ಬಿಯರ್. ನೊರೆ ಅಲ್ಲಿ ಮುಚ್ಚಳ, ಮೋಸವಲ್ಲ. ಮೂರು ಬೆರಳು ನೊರೆಯ ಹ್ಲಾಡಿಂಕಾ ಮಾಮೂಲು, ಪೂರ್ತಿ ನೊರೆಯ ಮ್ಲೀಕೊ ಅಂದರೆ ಅವರ ಭಾಷೆಯಲ್ಲಿ ಹಾಲು. ಇಂಗ್ಲೆಂಡಿನ ದಕ್ಷಿಣದಲ್ಲಿ ಹೀಗೆ ಕೊಟ್ಟರೆ ಗಿರಾಕಿ ಗ್ಲಾಸ್ ವಾಪಸ್ ತಳ್ಳುತ್ತಾನೆ. ಅಲ್ಲಿ ಅಂಚಿನವರೆಗೂ ಬಿಯರ್ ಬೇಕು, ಗ್ಲಾಸಿನ ಅಂಚೇ ಪಿಂಟಿನ ಅಳತೆ. ಉತ್ತರದ ಯಾರ್ಕ್‌ಶೈರ್ ಕಡೆ ಪಂಪಿನ ಮೂತಿಗೆ ಸ್ಪಾರ್ಕ್ಲರ್ ಎಂಬ ಸಣ್ಣ ತೂತುಗಳ ಜರಡಿ ಹಾಕಿ ಕೆನೆ ನೊರೆ ತರುತ್ತಾರೆ. ಅದು ಬೇಕೋ ಬೇಡವೋ ಅನ್ನುವ ಜಗಳಕ್ಕೆ ಇತ್ಯರ್ಥವಿಲ್ಲ.

ಅಳತೆಯ ವಿಷಯದಲ್ಲಿ ವಲಸೆ ಹೋದವರು ಎಡವುತ್ತಾರೆ. ಬ್ರಿಟಿಷ್ ಪಿಂಟ್ 568 ಮಿ.ಲೀ., ಅಮೆರಿಕದ್ದು 473. ಆಸ್ಟ್ರೇಲಿಯಾದ ಬಹುತೇಕ ಕಡೆ ಸ್ಕೂನರ್ ಎಂಬ ಗ್ಲಾಸ್ ಅಂದರೆ 425. ಅಡಿಲೇಡ್‌ನಲ್ಲಿ ಅದೇ 425ಕ್ಕೆ ಪಿಂಟ್ ಅನ್ನುತ್ತಾರೆ, ಸ್ಕೂನರ್ ಕೇಳಿದರೆ 285 ಬರುತ್ತದೆ. ಅಮೆರಿಕದ ಬಾರಿನಲ್ಲಿ ಟಿಪ್ಸ್ ಕಡ್ಡಾಯದಂತೆಯೇ. ಇಂಗ್ಲೆಂಡಿನ ಕೌಂಟರಿನಲ್ಲಿ ದುಡ್ಡು ಇಡುವ ಪದ್ಧತಿಯಿಲ್ಲ, ಬೇಕಿದ್ದರೆ ಬಿಯರ್ ಕೊಡುವವರಿಗೆ 'ನಿಮಗೂ ಒಂದು ಸೇರಿಸಿಕೊಳ್ಳಿ' ಅನ್ನಬಹುದು. ಸಾಲು ಇಲ್ಲದಿದ್ದರೂ ಸರದಿ ಇದೆ. ಯಾರು ಮೊದಲು ಬಂದರು ಎಂದು ಕೌಂಟರಿನ ಹಿಂದಿರುವವರಿಗೆ ನೆನಪಿರುತ್ತದೆ, ನೋಟು ಬೀಸಿದರೆ ನಿಮ್ಮ ಸರದಿ ಹಿಂದಕ್ಕೇ ಹೋಗುತ್ತದೆ.

ಬೆಂಗಳೂರಿನ ಮೈಕ್ರೋಬ್ರೂವರಿಗಳು ಗಾಜಿನ ಹಿಂದೆ ಟ್ಯಾಂಕ್ ತೋರಿಸುತ್ತವೆ, ಬಿಯರ್ ಅಲ್ಲಿಂದಲೇ ಬರುತ್ತದೆ. ತಾಜಾತನದಲ್ಲಿ ಕಲೋನ್‌ಗೆ ಹತ್ತಿರ, ಮೇಜಿಗೆ ಬಂದು ಬಡಿಸುವ ರೀತಿಯಲ್ಲೂ ಹತ್ತಿರ. ಇಂಗ್ಲಿಷ್ ಪಬ್ಬಿಗೆ ದೂರ. ಬೆಂಗಳೂರಿನಲ್ಲಿ ಕಾಸ್ಕ್ ಮಾಡಲು ಮನಸ್ಸಿರುವ ಬ್ರೂವರ್‌ಗಳಿಗೆ ನಾನು ಹೇಳುವುದಿಷ್ಟು: ಫರ್ಕಿನ್ ಬೇಡ, ಅದರ ಅರ್ಧದ ಪಿನ್ ಸಾಕು, 36 ಪಿಂಟ್. ನೆಲಮಾಳಿಗೆ ಇಲ್ಲದಿದ್ದರೆ ಕೋಲ್ಡ್ ರೂಮಿನ ಒಂದು ಮೂಲೆಯನ್ನು 12 ಡಿಗ್ರಿಗೆ ಬೇರ್ಪಡಿಸಿ. 4 ಡಿಗ್ರಿಯ ಕೆಗ್ ಜೊತೆ ಇಟ್ಟರೆ ಯೀಸ್ಟ್ ಮಲಗಿಬಿಡುತ್ತದೆ, ಗ್ಯಾಸ್ ಹುಟ್ಟುವುದಿಲ್ಲ. ಬುಧವಾರ ಮಲಗಿಸಿ, ಗುರುವಾರ ಬೆಳಿಗ್ಗೆ ಸ್ಪೈಲ್, ಸಂಜೆ ನಲ್ಲಿ. ಪಂಪ್ ಕೊಳ್ಳುವ ಮುಂಚೆ ಮೊದಲಿಂದಲೂ ಕೌಂಟರಿನ ಮೇಲೇ ಮಲಗಿಸಿಟ್ಟು, ಸುತ್ತ ಐಸ್ ಜಾಕೆಟ್ ಹೊದಿಸಿ, ನೇರ ನಲ್ಲಿಯಿಂದ ಕೊಡಿ. ಶುಕ್ರವಾರ ಏಳಕ್ಕೆ ತೆರೆದರೆ ಅಂದು ರಾತ್ರಿಯೇ ಮುಗಿಯಬೇಕು. ಉಳಿದದ್ದು ಶನಿವಾರ ಮಧ್ಯಾಹ್ನಕ್ಕೆ ಅಡುಗೆಮನೆಗೆ, ಮೀನಿನ ಬಜ್ಜಿಯ ಹಿಟ್ಟು ಕಲಸಲು.