ಗಂಗೋತ್ರಿಯಲ್ಲಿ ಓಡಾಡಲು ನಡಿಗೆಯೋ, ಸೈಕಲ್ಲೋ, ಸ್ಕೂಟರೋ?

ಮೈಸೂರಿನಲ್ಲಿ ಪಿಜಿ ಸೀಟು ಸಿಕ್ಕಿತು ಅಂದ ಕೂಡಲೇ ಮನೆಯಲ್ಲಿ ಏಳುವ ಮಾತು ಗಾಡಿಯದ್ದು. 'ಅಷ್ಟು ದೊಡ್ಡ ಕ್ಯಾಂಪಸ್ಸು, ಸ್ಕೂಟರ್ ಬೇಡ್ವಾ?' ಅಂತ. ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ಸಾದ ಮಾನಸ ಗಂಗೋತ್ರಿ ದೊಡ್ಡದು ನಿಜ, 700 ಎಕರೆ ದಾಟುತ್ತದೆ. ಆದರೆ ಅಷ್ಟನ್ನೂ ಯಾರೂ ದಿನಾ ಸುತ್ತುವುದಿಲ್ಲ. ಹಾಸ್ಟೆಲ್, ವಿಭಾಗ, ಲೈಬ್ರರಿ, ಕ್ಯಾಂಟೀನ್ ಇಷ್ಟೇ ಅಲ್ವಾ? ಹಾಗಾಗಿ ಮೊದಲ ತಿಂಗಳು ಗಾಡಿಗೆ ದುಡ್ಡು ಹಾಕಲೇಬೇಡಿ.

ಮೊದಲು ನಡೆದು ನೋಡಿ. ಟೈಮ್‌ಟೇಬಲ್ ಕೈಗೆ ಬಂದ ದಿನವೇ, ಪುಸ್ತಕ ತುಂಬಿದ ಬ್ಯಾಗ್ ಹಾಕಿಕೊಂಡು, ಕ್ಲಾಸಿಗೆ ಹೋಗುವ ಹೊತ್ತಿನಲ್ಲೇ ನಡೆಯಿರಿ. ಒಂದು ಕಿಲೋಮೀಟರಿಗೆ 12ರಿಂದ 15 ನಿಮಿಷ ಬೇಕು. ಕುಕ್ಕರಹಳ್ಳಿ ಕೆರೆ ಕಡೆಗೆ ಇಳಿಜಾರು. ಹೋಗುವಾಗ ಹಾಯಾಗಿರುತ್ತದೆ, ವಾಪಸ್ ಬರುವಾಗ ಏರು. ಅದಕ್ಕೇ ಎರಡೂ ಕಡೆಯ ಹೊತ್ತು ನೋಡಿಕೊಳ್ಳಿ. ಕಾಲು ಗಂಟೆಯೊಳಗೆ ಮುಗಿಯುವ ದಾರಿಯಾದರೆ ನಡಿಗೆಯೇ ಸಾಕು. ಮರದ ನೆರಳಿದೆ, ಪಾರ್ಕಿಂಗ್ ಚಿಂತೆ ಇಲ್ಲ.

ದಾರಿ ಅದಕ್ಕಿಂತ ಜಾಸ್ತಿಯಾದರೆ ಸೈಕಲ್. ನನ್ನ ಓಟು ಇದಕ್ಕೇ. ಕಿಲೋಮೀಟರಿಗೆ ನಾಲ್ಕೈದು ನಿಮಿಷ, ಪೆಟ್ರೋಲ್ ಖರ್ಚಿಲ್ಲ, ಲೈಸೆನ್ಸ್ ಬೇಕಿಲ್ಲ. ಮೈಸೂರಿನಲ್ಲಿ 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಇದೆ. ಅದನ್ನು ನಂಬಿಕೊಳ್ಳುವ ಮೊದಲು ನಿಮ್ಮ ದಾರಿಯ ಎರಡೂ ತುದಿಗೆ ಹತ್ತಿರದಲ್ಲಿ ಸ್ಟ್ಯಾಂಡ್ ಇದೆಯಾ, ಬೆಳಿಗ್ಗೆ ಅಲ್ಲಿ ಸೈಕಲ್ ಸಿಗುತ್ತದಾ, ಎರಡು ಮೂರು ದಿನ ಹೋಗಿ ನೋಡಿ.

ಸ್ವಂತದ್ದು ಬೇಕೆಂದರೆ ಸೆಕೆಂಡ್ ಹ್ಯಾಂಡ್ ಧಾರಾಳವಾಗಿ ಸಾಕು. ಆದರೆ ಪೇಂಟ್ ನೋಡಿ ಮರುಳಾಗಬೇಡಿ. ಹಿಂಬದಿ ಎತ್ತಿ ಪೆಡಲ್ ತಿರುಗಿಸಿ. ಚಕ್ರ ಅತ್ತಿತ್ತ ಓಲಾಡಿ ಬ್ರೇಕಿನ ರಬ್ಬರಿಗೆ ತಾಗುತ್ತಿದ್ದರೆ ರಿಮ್ ಬೆಂಡ್ ಆಗಿದೆ. ಮುಂದಿನ ಬ್ರೇಕ್ ಒತ್ತಿ ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ. ಮುಂದಿನ ಚಕ್ರ ತಿರುಗಬಾರದು. ಆಮೇಲೆ ಸೀಟಿನ ಎತ್ತರ. ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಸೀಟು ತಗ್ಗಿದ್ದರೆ ಆ ಏರಿನಲ್ಲಿ ಮಂಡಿ ನೋವು ಗ್ಯಾರಂಟಿ.

ಬೀಗಕ್ಕೆ ಜಿಪುಣತನ ಬೇಡ. ಹಿಂದಿನ ಚಕ್ರ, ಫ್ರೇಮ್, ಪಕ್ಕದ ಕಂಬ, ಮೂರನ್ನೂ ಸುತ್ತುವಷ್ಟು ಉದ್ದದ ಚೈನ್ ಲಾಕ್ ತಗೊಳ್ಳಿ. ಬರೀ ಚಕ್ರಕ್ಕೆ ಬೀಗ ಹಾಕಿದರೆ ಸೈಕಲ್ಲನ್ನೇ ಎತ್ತಿಕೊಂಡು ಹೋಗಬಹುದು. ಮಡ್‌ಗಾರ್ಡ್ ಇಲ್ಲದಿದ್ದರೆ ಮಳೆಗಾಲದಲ್ಲಿ ಬೆನ್ನೆಲ್ಲ ಕೆಸರು. ಲೈಬ್ರರಿಯಿಂದ ಕತ್ತಲಾದ ಮೇಲೆ ಹೊರಡುವವರು ಮುಂದೆ ಲೈಟ್, ಹಿಂದೆ ಕೆಂಪು ರಿಫ್ಲೆಕ್ಟರ್ ಹಾಕಿಸಲೇಬೇಕು.

ಹೊರಗಿನಿಂದ ಬರುವವರ ಲೆಕ್ಕ ಬೇರೆ. ಮಂಡ್ಯದಿಂದ ದಿನಾ ಬರುವವರು ಹೆದ್ದಾರಿಯಲ್ಲಿ ಬೈಕ್ ಓಡಿಸುವ ಆಲೋಚನೆ ಬಿಡಿ. ದಿನಕ್ಕೆ 80 ಕಿಲೋಮೀಟರಿಗೂ ಜಾಸ್ತಿ ಆಗುತ್ತದೆ, ಮೈ ತಡೆಯಲ್ಲ. ರೈಲಿಗೆ ಸೀಸನ್ ಪಾಸ್ ಮಾಡಿಸಿ, ಇಲ್ಲವೇ ಬಸ್ಸಿಗೆ ವಿದ್ಯಾರ್ಥಿ ಪಾಸ್ ವಿಚಾರಿಸಿ. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಸಾಮಾನ್ಯ ಸರ್ಕಾರಿ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಬೇಕು. ಊರೊಳಗೆ ಹುಣಸೂರು ರಸ್ತೆ ಬಸ್ಸೋ ಬೋಗಾದಿ ರಸ್ತೆ ಬಸ್ಸೋ ಎನ್ನುವುದು ನಿಮ್ಮ ವಿಭಾಗ ಯಾವ ಗೇಟಿಗೆ ಹತ್ತಿರ ಅನ್ನುವುದರ ಮೇಲೆ ನಿಂತಿದೆ. ಗೇಟ್ ತಪ್ಪಿದರೆ ನಡಿಗೆ ಸುಮ್ನೆ ಜಾಸ್ತಿಯಾಗುತ್ತದೆ.

ಸ್ಕೂಟರ್ ಕೊನೆಗೆ. ಸಂಜೆ ಪಾರ್ಟ್ ಟೈಮ್ ಕೆಲಸವಿದ್ದರೆ, ಮನೆ ಬಸ್ಸಿಲ್ಲದ ಬಡಾವಣೆಯಲ್ಲಿದ್ದರೆ, ನಡೆಯಲು ಕಷ್ಟವಿರುವವರಾದರೆ ತಗೊಳ್ಳಿ. ಆಗ ಗಾಡಿ ಬೆಲೆಯ ಜೊತೆ ಇನ್ಶೂರೆನ್ಸ್, ಸರ್ವೀಸ್, ಎರಡು ಹೆಲ್ಮೆಟ್ ಖರ್ಚನ್ನೂ ಸೇರಿಸಿ. ಹಿಂದೆ ಕೂರುವ ಗೆಳತಿಗೂ ಹೆಲ್ಮೆಟ್ ಕಡ್ಡಾಯ.