ಐಸ್ ಬರ್ತಿಲ್ವಾ? ಮೊದಲು ಫ್ರಿಡ್ಜ್ ಹಿಂದೆ ಇಣುಕಿ

ಹೋದ ಬೇಸಿಗೆಯಲ್ಲಿ ನಮ್ಮ ಮನೆ ಫ್ರಿಡ್ಜ್ ಐಸ್ ಕೊಡುವುದನ್ನು ನಿಲ್ಲಿಸಿತು. ಒಂದೇ ದಿನಕ್ಕೆ ನಿಲ್ಲಲಿಲ್ಲ. ಮೊದಲು ಐಸ್ ತುಂಡುಗಳು ಸಣ್ಣವಾದವು. ಆಮೇಲೆ ಒಳಗೆ ಪೊಳ್ಳಾದವು, ಬಾಯಿಗೆ ಹಾಕಿಕೊಂಡರೆ ಹಪ್ಪಳದ ಹಾಗೆ ಪುಡಿಪುಡಿ. ಕೊನೆಗೆ ಡಬ್ಬಿ ಖಾಲಿ. ಕರೆಸಿದ ಮೆಕ್ಯಾನಿಕ್ ಬಾಗಿಲು ತೆಗೆದು ನೋಡಿ, ‘ಐಸ್ ಮೇಕರ್ ಹೋಗಿದೆ, ಪೂರ್ತಿ ಸೆಟ್ ಹಾಕ್ಬೇಕು’ ಎಂದು ಖರ್ಚಿನ ಚೀಟಿ ಬರೆದುಕೊಟ್ಟರು. ‘ಎರಡು ಟ್ರೇ ಇಟ್ಕೊಂಡಿದ್ರೆ ಸಾಕಾಗ್ತಿರ್ಲಿಲ್ವಾ’ ಅಂತ ನಮ್ಮತ್ತೆ ಗೊಣಗಿದ್ದೂ ಆಯಿತು.

ಅದೇ ವಾರ ಸಿಂಕ್ ರಿಪೇರಿಗೆ ಬಂದಿದ್ದ ಪ್ಲಂಬರ್ ಫ್ರಿಡ್ಜನ್ನು ಒಂದು ಗೇಣು ಮುಂದಕ್ಕೆ ಎಳೆದು ಹಿಂದಕ್ಕೆ ಟಾರ್ಚ್ ಬಿಟ್ಟರು. ನೀರಿನ ಬಿಳಿ ಪೈಪ್ ಗೋಡೆಗೆ ಒತ್ತಿಕೊಂಡು ಮಡಚಿಹೋಗಿತ್ತು. ಹಬ್ಬಕ್ಕೆ ಮನೆ ತೊಳೆದಾಗ ಫ್ರಿಡ್ಜ್ ಜರುಗಿಸಿ, ಮತ್ತೆ ಜೋರಾಗಿ ತಳ್ಳಿದವನು ನಾನೇ. ‘ಕತ್ತು ಹಿಸುಕಿದ್ರೆ ಅದಾದ್ರೂ ಏನ್ ಮಾಡತ್ತೆ ಸಾರ್?’ ಎಂದರು ಅವರು. ಆ ಪೈಪ್ ಬದಲಾಯಿಸಿದ್ದು ನಾನೇ, ಅವರು ಪಕ್ಕದಲ್ಲಿ ಕಾಫಿ ಕುಡಿಯುತ್ತಾ ಹೇಳಿಕೊಟ್ಟರು. ಅರ್ಧ ಗಂಟೆಯ ಕೆಲಸ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಟ್ರೇಗೆ ನಾವೇ ನೀರು ತುಂಬಿ ತಿರುಗಿಸುವ ಫ್ರಿಡ್ಜ್, ಅಥವಾ ಒಳಗಿನ ಪುಟ್ಟ ಟ್ಯಾಂಕ್‌ಗೆ ನೀರು ಸುರಿಯುವ ಫ್ರಿಡ್ಜ್ ನಿಮ್ಮದಾಗಿದ್ದರೆ ಈ ಲೇಖನ ನಿಮಗಲ್ಲ. ನಲ್ಲಿಯಿಂದ ನೇರ ಪೈಪ್ ಎಳೆದು ತಾನೇ ಐಸ್ ಮಾಡಿಕೊಳ್ಳುವ ಫ್ರಿಡ್ಜ್‌ಗಳ ಮಾತು ಇದು.

ಐಸ್ ಯಾಕೆ ಸಣ್ಣದಾಗುತ್ತದೆ?

ಫ್ರಿಡ್ಜ್‌ನ ಹಿಂದೆ, ಕೆಳಗಡೆ, ಕರೆಂಟಿನಿಂದ ತೆರೆದು ಮುಚ್ಚುವ ಒಂದು ವಾಲ್ವ್ ಇರುತ್ತದೆ. ಐಸ್ ಅಚ್ಚು ಖಾಲಿಯಾದಾಗ ಅದು ಕೆಲವೇ ಸೆಕೆಂಡು ತೆರೆದು ಮುಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ಅದು ಲೆಕ್ಕ ಇಡುವುದು ಸಮಯವನ್ನು, ನೀರನ್ನಲ್ಲ. ಆ ಹೊತ್ತಿನಲ್ಲಿ ಎಷ್ಟು ನೀರು ಬಂತೋ ಅಷ್ಟೇ ಐಸ್. ಪೈಪ್ ಮಡಚಿದ್ದರೆ, ಫಿಲ್ಟರ್ ಕಟ್ಟಿದ್ದರೆ, ಒತ್ತಡ ಕಡಿಮೆ ಇದ್ದರೆ ಅಚ್ಚು ಅರ್ಧ ತುಂಬುತ್ತದೆ. ಯಂತ್ರದ ತಪ್ಪೇನೂ ಇರುವುದಿಲ್ಲ.

ಇಲ್ಲಿ ಇನ್ನೊಂದು ಕಿತಾಪತಿ ಇದೆ. ವಾಲ್ವ್ ಬಿಗಿಯಾಗಿ ಮುಚ್ಚಿಕೊಳ್ಳುವುದಕ್ಕೂ ನೀರಿನ ಒತ್ತಡವೇ ಬೇಕು. ಒತ್ತಡ ಸಾಲದಿದ್ದರೆ ಮುಚ್ಚಿದ ಮೇಲೂ ಹನಿ ಹನಿ ಜಿನುಗುತ್ತದೆ. ಆ ಹನಿಗಳು ಅಚ್ಚಿಗೆ ನೀರು ಬೀಳುವ ಸಣ್ಣ ಕೊಳವೆಯಲ್ಲೇ ಹೆಪ್ಪುಗಟ್ಟಿ ದಾರಿ ಮುಚ್ಚುತ್ತವೆ. ಆಗ ನೋಡಿದವರು ‘ಐಸ್ ಮೇಕರ್ ಹೋಗಿದೆ’ ಅನ್ನುತ್ತಾರೆ.

ಬಕೆಟ್ ಪರೀಕ್ಷೆ

ಖರ್ಚು ಮಾಡುವ ಮೊದಲು ಇದೊಂದು ಮಾಡಿ. ಫ್ರಿಡ್ಜ್ ಪ್ಲಗ್ ತೆಗೆಯಿರಿ. ನಲ್ಲಿ ಹತ್ತಿರ ಈ ಪೈಪ್‌ಗೆ ಇರುವ ನೀರಿನ ವಾಲ್ವ್ ಮುಚ್ಚಿ. ಫ್ರಿಡ್ಜನ್ನು ನೇರವಾಗಿ ಮುಂದಕ್ಕೆ ಎಳೆಯಿರಿ. ಮುಂದಿನ ಎರಡು ಕಾಲುಗಳನ್ನು ತಿರುಗಿಸಿ ಮೇಲೆತ್ತಿದರೆ ತೂಕ ಚಕ್ರದ ಮೇಲೆ ಬರುತ್ತದೆ. ಹಾಗೆ ಮಾಡದೆ ಎಳೆದರೆ ನೆಲದ ಮೇಲೆ ಗೆರೆ ಬಿದ್ದು ಮನೆಯವರ ಹತ್ತಿರ ಮಂಗಳಾರತಿ ಗ್ಯಾರಂಟಿ, ರೆಡ್ ಆಕ್ಸೈಡ್ ನೆಲವಾದರೆ ಕೇಳಲೇಬೇಡಿ. ಆಮೇಲೆ ಪೈಪ್‌ನ ಫ್ರಿಡ್ಜ್ ಕಡೆಯ ತುದಿ ಬಿಚ್ಚಿ ಬಕೆಟ್‌ಗೆ ಬಿಟ್ಟು, ನೀರಿನ ವಾಲ್ವ್ ತೆರೆಯಿರಿ.

ನೀರು ಜೋರಾಗಿ ಚಿಮ್ಮಿದರೆ ಪೈಪ್ ಸರಿ ಇದೆ, ತೊಂದರೆ ಫಿಲ್ಟರ್‌ನಲ್ಲೋ ಫ್ರಿಡ್ಜ್‌ನ ವಾಲ್ವ್‌ನಲ್ಲೋ ಹೆಪ್ಪುಗಟ್ಟಿದ ಆ ಸಣ್ಣ ಕೊಳವೆಯಲ್ಲೋ ಇರಬಹುದು. ನೂಲಿನ ಹಾಗೆ ಇಳಿದರೆ ಪೈಪ್ ಅಥವಾ ಒತ್ತಡದ ತೊಂದರೆ. ಪೈಪ್ ಉದ್ದಕ್ಕೂ ಕೈಯಾಡಿಸಿ. ಮಡಿಕೆ, ಬಿರುಕು, ಇಲಿ ಹಲ್ಲಿನ ಗುರುತು ಕೈಗೇ ಸಿಗುತ್ತವೆ. ಒಮ್ಮೆ ಮಡಚಿದ ಪ್ಲಾಸ್ಟಿಕ್ ಪೈಪನ್ನು ನೆಟ್ಟಗೆ ಮಾಡಿದರೂ ಅದೇ ಜಾಗದಲ್ಲಿ ಮತ್ತೆ ಮಡಚುತ್ತದೆ, ನಂಬಬೇಡಿ.

ನಮ್ಮ ಟ್ಯಾಂಕ್ ಲೆಕ್ಕ

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂಥ ಫ್ರಿಡ್ಜ್‌ಗಳ ಪುಸ್ತಕದಲ್ಲಿ ಸಾಮಾನ್ಯವಾಗಿ 20ರಿಂದ 120 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಅಳತೆ) ಒತ್ತಡ ಬೇಕು ಅಂತ ಇರುತ್ತದೆ. ಕುವೆಂಪುನಗರವಾಗಲಿ ವಿಜಯನಗರವಾಗಲಿ, ಮೈಸೂರಿನ ಮನೆಗಳಲ್ಲಿ ನೀರು ಸಂಪ್‌ಗೆ ಬಂದು, ಮೋಟಾರ್‌ನಿಂದ ತಾರಸಿ ಟ್ಯಾಂಕ್‌ಗೆ ಹತ್ತಿ, ಅಲ್ಲಿಂದ ನಲ್ಲಿಗೆ ಇಳಿಯುತ್ತದೆ. ಒಂದು ಅಡಿ ಎತ್ತರದ ನೀರು ಕೊಡುವ ಒತ್ತಡ 0.43 ಪಿಎಸ್‌ಐ ಅಷ್ಟೇ. ಟ್ಯಾಂಕ್ ಅಡುಗೆಮನೆ ನಲ್ಲಿಯಿಂದ 20 ಅಡಿ ಮೇಲಿದ್ದರೆ ಸಿಗುವುದು ಸುಮಾರು ಎಂಟೂವರೆ ಪಿಎಸ್‌ಐ. 20 ಪಿಎಸ್‌ಐ ಬೇಕಾದರೆ ಟ್ಯಾಂಕ್ 46 ಅಡಿ ಮೇಲಿರಬೇಕು. ಅಷ್ಟು ಎತ್ತರ ಅಪಾರ್ಟ್‌ಮೆಂಟಿನ ಕೆಳಗಿನ ಮನೆಗಳಿಗೆ ಇರಬಹುದು, ಎರಡಂತಸ್ತಿನ ಮನೆಗೆ ಎಲ್ಲಿಂದ ಬರಬೇಕು?

‘ಆರ್‌ಓದಿಂದ ಪೈಪ್ ಎಳೆದರೆ ಶುದ್ಧ ನೀರೂ ಸಿಗತ್ತೆ’ ಅಂತ ಕೆಲವರು ಮಾಡುತ್ತಾರೆ. ಗೋಡೆಗೆ ಹಾಕುವ ಆರ್‌ಓ ತನ್ನ ಪುಟ್ಟ ಟ್ಯಾಂಕ್‌ನಲ್ಲಿ ನೀರು ತುಂಬಿಟ್ಟುಕೊಳ್ಳುತ್ತದೆ, ಅಲ್ಲಿಂದ ನೀರು ಸುಮ್ನೆ ಇಳಿಯುತ್ತದೆ ಅಷ್ಟೇ, ಒತ್ತಡ ಇನ್ನೂ ಕಡಿಮೆ. ಎರಡು ಕಡೆಯೂ ಪರಿಹಾರ ಒಂದೇ: ಒತ್ತಡ ಇಳಿದಾಗ ತಾನೇ ಆನ್ ಆಗಿ, ವಾಲ್ವ್ ಮುಚ್ಚಿದಾಗ ತಾನೇ ಆಫ್ ಆಗುವ ಸಣ್ಣ ಪಂಪ್. ಪೈಪ್ ಎಷ್ಟು ಸಲ ಬದಲಾಯಿಸಿದರೂ ಇದಿಲ್ಲದೆ ಸರಿಹೋಗದ ಮನೆಗಳಿವೆ. ಮನೆಗೆಲ್ಲ ಪ್ರೆಷರ್ ಪಂಪ್ ಹಾಕಿಸಿಕೊಂಡವರಿಗೆ ಈ ಚಿಂತೆ ಇಲ್ಲ.

ಏನೇನು ಬೇಕು

ಕಾಲಿಂಚಿನ ಪೈಪ್, ಅಂದರೆ ಆರ್‌ಓಗೆ ಹಾಕುವ ಅಳತೆಯದೇ. ಶಿವರಾಂಪೇಟೆ ಕಡೆಯ ಹಾರ್ಡ್‌ವೇರ್ ಅಂಗಡಿಯಲ್ಲೋ ಆರ್‌ಓ ಬಿಡಿಭಾಗ ಮಾರುವವರಲ್ಲೋ ಕೇಳಿ. ಹಳೆಯ ಪೈಪ್‌ನ ಒಂದು ತುಂಡು ಜೇಬಿನಲ್ಲಿಟ್ಟುಕೊಂಡು ಹೋದರೆ ಮಾತು ಕಡಿಮೆ. ಕುಡಿಯುವ ನೀರಿಗೆ ಆಗುವಂಥ ಪೈಪನ್ನೇ ಕೇಳಿ, ತೋಟಕ್ಕೆ ಹಾಕುವ ಮೆತ್ತನೆ ಟ್ಯೂಬ್ ಬೇಡ. ಮನೆಯಲ್ಲಿ ಇಲಿ ಕಾಟ ಜಾಸ್ತಿ ಇದ್ದರೆ ಸ್ಟೀಲ್ ಹೆಣಿಗೆಯ ಪೈಪ್ ತಗೊಳ್ಳಿ. ಗೋಡೆಯಿಂದ ಫ್ರಿಡ್ಜ್‌ವರೆಗಿನ ದೂರಕ್ಕೆ ಇನ್ನೂ ಆರೇಳು ಅಡಿ ಸೇರಿಸಿ ಅಳತೆ ಮಾಡಿ. ಫ್ರಿಡ್ಜ್ ಮುಂದಕ್ಕೆ ಎಳೆಯಲು ಆ ಸಡಿಲ ಬೇಕೇ ಬೇಕು.

ಇದರ ಜೊತೆ ಹೊಸ ಕನೆಕ್ಟರ್‌ಗಳು, ಒಂದು ಸ್ಪ್ಯಾನರ್, ಹರಿತವಾದ ಬ್ಲೇಡ್ ಅಥವಾ ಪೈಪ್ ಕಟರ್, ಟೆಫ್ಲಾನ್ ಟೇಪ್, ಬಕೆಟ್, ಹಳೇ ಟವೆಲ್. ನಲ್ಲಿ ಹತ್ತಿರ, ಪೈಪನ್ನೇ ಚುಚ್ಚಿ ನೀರು ತೆಗೆಯುವ ಅಗ್ಗದ ವಾಲ್ವ್ ಇದ್ದರೆ ಈಗಲೇ ತೆಗೆಸಿ. ಅದರ ತೂತು ಬೇಗ ಕಟ್ಟುತ್ತದೆ, ಸೋರುತ್ತದೆ. ಆರ್‌ಓಗೆ ಹಾಕುವಂಥ, ಹಿಡಿ ತಿರುಗಿಸಿದರೆ ಪೂರ್ತಿ ಮುಚ್ಚುವ ವಾಲ್ವ್ ಹಾಕಿಸಿ.

ಕೆಲಸ

ನೀರಿನ ವಾಲ್ವ್ ಮುಚ್ಚಿ, ಹಳೆಯ ಪೈಪ್ ಎರಡೂ ಕಡೆ ಬಿಚ್ಚಿ. ಒಳಗೆ ಉಳಿದ ನೀರು ಬರುತ್ತದೆ, ತುದಿಯನ್ನು ಬಕೆಟ್‌ಗೆ ಹಿಡಿಯಿರಿ. ಪ್ಲಗ್ ಪಾಯಿಂಟ್ ಕಡೆ ಹನಿಯೂ ಹೋಗಬಾರದು.

ಈಗ ಕತ್ತರಿಸುವುದು. ಸೋರಿಕೆ ಶುರುವಾಗುವುದು ಹೆಚ್ಚಾಗಿ ಇಲ್ಲೇ. ಕತ್ತರಿಯಲ್ಲಿ ಕತ್ತರಿಸಿದರೆ ಪೈಪ್‌ನ ಬಾಯಿ ಚಪ್ಪಟೆಯಾಗುತ್ತದೆ, ಓರೆಯಾಗುತ್ತದೆ. ಕನೆಕ್ಟರ್ ಒಳಗೆ ಒಂದು ರಬ್ಬರ್ ಉಂಗುರ ಇದೆ, ಪೈಪ್ ಗುಂಡಗೆ, ನುಣ್ಣಗೆ ಇದ್ದರೆ ಮಾತ್ರ ಅದು ಸುತ್ತಲೂ ಅಪ್ಪಿಕೊಳ್ಳುತ್ತದೆ. ಹಾಗಾಗಿ ಒಂದೇ ಪೆಟ್ಟಿಗೆ, ನೇರವಾಗಿ ಕತ್ತರಿಸಿ. ತುದಿಯಿಂದ 15 ಮಿ.ಮೀ. ದೂರಕ್ಕೆ ಪೆನ್ನಿನಲ್ಲಿ ಗೆರೆ ಹಾಕಿ. ಕನೆಕ್ಟರ್‌ಗೆ ತಳ್ಳಿದಾಗ ಮೊದಲು ಒಂದು ತಡೆ ಸಿಗುತ್ತದೆ, ಅದು ಕೊನೆಯಲ್ಲ. ಇನ್ನೂ ಒತ್ತಿ. ಗೆರೆ ಹೆಚ್ಚುಕಡಿಮೆ ಮರೆಯಾಗಬೇಕು. ಆಮೇಲೆ ಹಿಂದಕ್ಕೆ ಜಗ್ಗಿ ನೋಡಿ, ಬರಬಾರದು. ಮುಂದೆ ಯಾವಾಗಾದರೂ ಬಿಚ್ಚಬೇಕಾದರೆ ಬಾಯಿಯ ಪ್ಲಾಸ್ಟಿಕ್ ಉಂಗುರವನ್ನು ಒತ್ತಿ ಹಿಡಿದು ಎಳೆದರೆ ಸಲೀಸಾಗಿ ಬರುತ್ತದೆ.

ನಿಮ್ಮ ಫ್ರಿಡ್ಜ್‌ನಲ್ಲಿ ನಟ್ ಮತ್ತು ಒಳಗೆ ಸಣ್ಣ ಬಳೆ ಇರುವ ಜೋಡಣೆ ಇದ್ದರೆ, ಪ್ಲಾಸ್ಟಿಕ್ ಪೈಪ್‌ನ ಬಾಯೊಳಗೆ ಅದರ ಜೊತೆ ಬರುವ ಪುಟ್ಟ ಕೊಳವೆ ತೂರಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಪೈಪ್ ಅಪ್ಪಚ್ಚಿಯಾಗುತ್ತದೆ. ಕೈಯಲ್ಲಿ ಬಿಗಿ ಮಾಡಿ, ಸ್ಪ್ಯಾನರ್‌ನಲ್ಲಿ ಅರ್ಧ ಸುತ್ತು. ಹನಿ ಬಂದರೆ ಇನ್ನೂ ಸ್ವಲ್ಪ. ಟೆಫ್ಲಾನ್ ಟೇಪ್ ಇಲ್ಲಿಗೆ ಬೇಡ, ಅದು ನಲ್ಲಿ ಕಡೆಯ ತಿರುಪಿನ ಗೆರೆಗಳಿಗೆ ಮಾತ್ರ.

ತೂತು ಒಂದೇ ಕಡೆ ಇದ್ದು, ಪೂರ್ತಿ ಪೈಪ್ ಬದಲಾಯಿಸಲು ಮನಸ್ಸಿಲ್ಲವೆಂದರೆ ಆ ಜಾಗ ಕತ್ತರಿಸಿ ಎಸೆದು, ಎರಡು ತುದಿಗೂ ನಡುವೆ ಜಾಯಿಂಟ್ ಕನೆಕ್ಟರ್ ಹಾಕಬಹುದು. ಟೇಪ್ ಸುತ್ತುವುದು, ಅಂಟು ಮೆತ್ತುವುದು ಎಲ್ಲ ಎರಡು ದಿನದ ಸಂಭ್ರಮ.

ಹೊಸ ಪೈಪನ್ನು ಮೊದಲು ನಲ್ಲಿ ಕಡೆ ಮಾತ್ರ ಸಿಕ್ಕಿಸಿ, ನಾಲ್ಕೈದು ಲೀಟರ್ ನೀರು ಬಕೆಟ್‌ಗೆ ಬಿಡಿ. ಟ್ಯಾಂಕ್ ತಳದ ಮಣ್ಣು, ಪೈಪ್‌ನ ಪ್ಲಾಸ್ಟಿಕ್ ಚೂರು ಎಲ್ಲ ಹೊರಗೆ ಹೋಗಲಿ. ಫ್ರಿಡ್ಜ್ ವಾಲ್ವ್‌ನ ಬಾಯಲ್ಲಿ ಸಣ್ಣ ಜರಡಿ ಇರುತ್ತದೆ. ಬೋರ್ ನೀರಿನ ಮನೆಗಳಲ್ಲಿ ಅದರ ಮೇಲೆ ಬಿಳಿ ಉಪ್ಪು ಕಟ್ಟಿರುತ್ತದೆ, ಹಳೇ ಟೂತ್‌ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ. ನಮಗೆ ಬರುವ ಕಾವೇರಿ, ಕಬಿನಿ ನೀರಿನಲ್ಲಿ ಅಷ್ಟು ಉಪ್ಪಿಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವವರು ಮಾತ್ರ ನೋಡಿಕೊಳ್ಳಬೇಕು. ಫ್ರಿಡ್ಜ್ ಒಳಗಿನ ಕಾರ್ಬನ್ ಫಿಲ್ಟರ್ ಗಡಸುತನ ತೆಗೆಯುವುದಿಲ್ಲ. ಅದನ್ನು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬದಲಾಯಿಸಬೇಕು.

ಜರಡಿ ಉಜ್ಜಿದ ಮೇಲೂ ಬಕೆಟ್‌ಗೆ ನೀರು ಜೋರಾಗಿ ಬಂದು, ಫ್ರಿಡ್ಜ್ ಒಳಗೆ ಹೋಗದಿದ್ದರೆ, ಫಿಲ್ಟರ್ ಕಟ್ಟಿಲ್ಲ, ಕೊಳವೆ ಹೆಪ್ಪುಗಟ್ಟಿಲ್ಲ ಅಂದರೆ, ಫ್ರಿಡ್ಜ್‌ನ ವಾಲ್ವ್ ಕೆಟ್ಟಿರಬಹುದು. ಅಲ್ಲಿ ಕರೆಂಟ್ ವೈರ್ ಇದೆ, ಅದನ್ನು ಮೆಕ್ಯಾನಿಕ್‌ಗೆ ಬಿಡಿ. ವಾರಂಟಿ ಇನ್ನೂ ಇದ್ದರೆ ಫ್ರಿಡ್ಜ್‌ನ ಹಿಂದಿನ ತಗಡನ್ನೇ ಬಿಚ್ಚಬೇಡಿ.

ಎರಡೂ ತುದಿ ಸಿಕ್ಕಿಸಿದ ಮೇಲೆ ವಾಲ್ವ್ ನಿಧಾನಕ್ಕೆ ತೆರೆದು, ಪ್ರತಿ ಜೋಡಣೆಯ ಮೇಲೂ ಒಣ ಬೆರಳು ಆಡಿಸಿ. ಕೆಳಗೆ ಹಳೇ ಪೇಪರ್ ಹಾಸಿ. ಒಂದು ಹನಿ ಬಿದ್ದರೂ ಪೇಪರ್ ಮೇಲೆ ಕಲೆ ಕಾಣುತ್ತದೆ. ಪೈಪನ್ನು ಅಗಲವಾದ ಎರಡು ಮೂರು ಸುತ್ತು ಸುತ್ತಿ ಫ್ರಿಡ್ಜ್ ಹಿಂದೆ ಬಿಟ್ಟು, ನಿಧಾನಕ್ಕೆ ತಳ್ಳಿ. ಗೋಡೆಗೂ ಫ್ರಿಡ್ಜ್‌ಗೂ ನಡುವೆ ಮೂರ್ನಾಲ್ಕು ಬೆರಳು ಜಾಗ ಉಳಿಯಲಿ. ತಳ್ಳಿದ ಮೇಲೆ ಪಕ್ಕದಿಂದ ಟಾರ್ಚ್ ಬಿಟ್ಟು ಪೈಪ್ ಎಲ್ಲೂ ಮಡಚಿಲ್ಲ ಅಂತ ನೋಡಿ. ಆಮೇಲೆ ಪ್ಲಗ್ ಹಾಕಿ.

ಐಸ್ ತಕ್ಷಣ ಬರುವುದಿಲ್ಲ, ಒಂದು ದಿನ ಬೇಕಾಗಬಹುದು. ಮೊದಲ ಎರಡು ಮೂರು ಸಲದ ಐಸ್ ಸಿಂಕ್‌ಗೆ ಹಾಕಿ, ಪ್ಲಾಸ್ಟಿಕ್ ವಾಸನೆ ಇರುತ್ತದೆ. ನಮ್ಮನೇಲಿ ಮರುದಿನ ಬೆಳಗಿನ ಜಾವ, ಎಲ್ಲರೂ ಮಲಗಿರುವಾಗ, ಡಬ್ಬಿಯೊಳಗೆ ದಡದಡ ಅಂತ ಐಸ್ ಬಿತ್ತು. ‘ಬೆಕ್ಕು ಬಂತೇನೋ’ ಅಂತ ಎದ್ದು ಬಂದವರು ನಮ್ಮತ್ತೆಯೇ. ಪೇಪರ್ ಒಣಗಿತ್ತು. ಆದರೂ ಒಂದು ವಾರ ಅಲ್ಲೇ ಬಿಟ್ಟಿದ್ದೆ.